ಸ್ಕೇಫಾಯ್ಡ್ ಮೂಳೆಗೆ ಗ್ರಾಫ್ಟ್: ಹತ್ತು ವರ್ಷಗಳ ನಂತರ ಹೇಗಿರುತ್ತದೆ?

ನಮಸ್ಕಾರ. ಮುರಿದು ಕೂಡಿಕೊಳ್ಳದ ಸ್ಕೇಫಾಯ್ಡ್ ಮೂಳೆಗೆ (ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಯ ಚಿಕ್ಕ ಮೂಳೆ) ಸೊಂಟದ ಮೂಳೆಯ ಗ್ರಾಫ್ಟ್ (ಅಲ್ಲಿಂದ ತೆಗೆದು ಕೂರಿಸುವ ಮೂಳೆಯ ತುಣುಕು) ಹಾಕಿಸಿದರೆ ಹತ್ತು ವರ್ಷಗಳ ನಂತರ ಮಣಿಕಟ್ಟು ಹೇಗಿರುತ್ತದೆ ಎಂದು ಕೇಳಿದ್ದೀರಿ. ಮೂಳೆ ನಿಜವಾಗಿ ಕೂಡಿಕೊಂಡಿತೇ ಎಂಬುದೇ ಇಲ್ಲಿ ಮುಖ್ಯ. ಅದನ್ನು ಎಕ್ಸ್‌ರೇಗಿಂತ ಸಿ.ಟಿ. ಸ್ಕ್ಯಾನ್ ಖಚಿತವಾಗಿ ತೋರಿಸುತ್ತದೆ. ಕೂಡಿಕೊಂಡಲ್ಲಿ ಬಹುಪಾಲು ಜನರಿಗೆ ನೋವು ಕಡಿಮೆಯಾಗಿ ಹಿಡಿತ ಮರಳುತ್ತದೆಯಾದರೂ, ಅಂಗೈಯನ್ನು ನೆಲಕ್ಕೂರಿ ಏಳುವಾಗ ಮಣಿಕಟ್ಟು ಮೊದಲಿನಷ್ಟು ಹಿಂದಕ್ಕೆ ಬಾಗದಿರುವುದು ಸಾಮಾನ್ಯ. ಈ ಮೂಳೆಗೆ ರಕ್ತವು ಹೆಚ್ಚಾಗಿ ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಹರಿಯುವುದರಿಂದ, ಮುಂಗೈ ಕಡೆಯ ತುಂಡಿಗೆ ರಕ್ತ ನಿಂತುಹೋಗಿದ್ದರೆ ಸಾದಾ ಗ್ರಾಫ್ಟ್ ವಿಫಲವಾಗುವ ಸಂಭವ ಹೆಚ್ಚು. ಆಗ ರಕ್ತನಾಳಸಹಿತ ಗ್ರಾಫ್ಟನ್ನು ಪರಿಗಣಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಮೊದಲೇ ಕೀಲು ಸವೆದಿದ್ದರೆ ಗ್ರಾಫ್ಟ್ ಅದನ್ನು ಸರಿಪಡಿಸದು. ಧೂಮಪಾನ ಮೂಳೆ ಕೂಡಲು ಅಡ್ಡಿ, ಅಭ್ಯಾಸವಿದ್ದರೆ ಈಗಲೇ ಬಿಡಿ. ಅಂದಹಾಗೆ, ಮೊದಲ ದಿನಗಳಲ್ಲಿ ಕೈಗಿಂತ ಸೊಂಟವೇ ಹೆಚ್ಚು ನೋಯಬಹುದು.