ಬರೆದವರು ಯಾರೋ, ಹಾಡು ಯಾರದು?

ಮಾನ್ಯರೇ,

ಅಮೆರಿಕದ ಗಾಯಕಿ ಟೀನಾ ಟರ್ನರ್ ಅವರ ‘ಪ್ರೈವೇಟ್ ಡ್ಯಾನ್ಸರ್’ ಆಲ್ಬಮ್ಮನ್ನು ಮತ್ತೆ ಕೇಳಿ ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. ಹಾಸನದಿಂದ ಬಂದ ನಿಮ್ಮ ಪತ್ರ ಉದ್ದವೂ ಇದೆ, ಖಾರವೂ ಇದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗಾಗಿ ನಿಮ್ಮ ತಕರಾರನ್ನು ಹೇಳಿಬಿಡುತ್ತೇನೆ. 1984ರ ಆ ಆಲ್ಬಮ್‌ನಲ್ಲಿ ಟೀನಾ ಬರೆದ ಹಾಡು ಒಂದೂ ಇಲ್ಲ, ಲಂಡನ್ನಿನಲ್ಲಿ ಯಾರ್‍ಯಾರೋ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಇಟ್ಟುಕೊಂಡು ಕಟ್ಟಿದ್ದಕ್ಕೆ ಅವರು ದನಿ ಕೊಟ್ಟರು ಅಷ್ಟೆ ಎನ್ನುತ್ತೀರಿ. ಗಂಡ ಐಕ್ ಕೈಯಲ್ಲಿ ಹೊಡೆಸಿಕೊಂಡ ಕತೆ ಗೊತ್ತಿರುವುದರಿಂದ ಎಲ್ಲರೂ ‘ಕನಿಕರದ ಗ್ರೇಸ್ ಮಾರ್ಕ್ಸ್’ ಕೊಡುತ್ತಿದ್ದಾರಂತೆ. ನಿಜವಾದ ಟೀನಾ ಬೇಕಿದ್ದರೆ ಆ ಐಕ್ ಜೊತೆಗೇ ಹಾಡಿದ 1971ರ ‘ಪ್ರೌಡ್ ಮೇರಿ’ಯನ್ನೇ ಕೇಳಬೇಕಂತೆ.

ಗ್ರೇಸ್ ಮಾರ್ಕ್ಸ್ ವಿಷಯ ಮೊದಲು ಮುಗಿಸೋಣ. 1976ರ ಜುಲೈಯಲ್ಲಿ ಡಲ್ಲಾಸ್‌ನಲ್ಲಿ ಐಕ್ ಟರ್ನರ್‌ನನ್ನು ಬಿಟ್ಟು ಓಡಿದಾಗ ಅವರ ಹತ್ತಿರ ಇದ್ದದ್ದು 36 ಸೆಂಟ್ ಮತ್ತು ಒಂದು ಪೆಟ್ರೋಲ್ ಕಾರ್ಡ್. 1978ರಲ್ಲಿ ವಿಚ್ಛೇದನ ಮುಗಿದಾಗ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟು ಹೆಸರನ್ನು ಮಾತ್ರ ಉಳಿಸಿಕೊಂಡರು. ರದ್ದಾದ ಕಾರ್ಯಕ್ರಮಗಳ ಸಾಲ ತಲೆಮೇಲೆ ಬಂತು. ಅದನ್ನು ತೀರಿಸಲು ಲಾಸ್ ವೇಗಾಸ್‌ನ ಕ್ಯಾಬರೆಗಳಲ್ಲಿ, ಟಿವಿಯ ಆಟದ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಂಡರು. ಇದೆಲ್ಲ ಇವತ್ತು ನಮಗೆ ಬಾಯಿಪಾಠ. ಆದರೆ 1984ರಲ್ಲಿ? ಮೂರು ವರ್ಷ ಮುಂಚೆ ‘ಪೀಪಲ್’ ಪತ್ರಿಕೆಗೆ ಕೊಟ್ಟ ಒಂದು ಸಂದರ್ಶನದಲ್ಲಿ ಅವರು ಬಾಯಿಬಿಟ್ಟಿದ್ದರು, ನಿಜ. ಆತ್ಮಕತೆ ಬಂದದ್ದು 1986ರಲ್ಲಿ, ಸಿನಿಮಾ ಬಂದದ್ದು 1993ರಲ್ಲಿ. ಅಂಗಡಿಗೆ ಹೋಗಿ ಆ ರೆಕಾರ್ಡು ಕೊಂಡ ಬಹಳಷ್ಟು ಜನ ಕತೆಗೆ ಮರುಗಿ ಕೊಂಡವರಲ್ಲ, ರೇಡಿಯೊದಲ್ಲಿ ಹಾಡು ಕೇಳಿ ಕೊಂಡವರು. ಕನಿಕರ ಆಮೇಲೆ ಸೇರಿಕೊಂಡದ್ದು. ನಮ್ಮ ಲೇಖನದಲ್ಲಿ ಆ ಕತೆಗೆ ಸಿಕ್ಕಿದ್ದು ಒಂದೇ ಪ್ಯಾರಾ. ಅದೂ ಜಾಸ್ತಿಯಾಯಿತು ಎಂದರೆ ನಾನು ಒಪ್ಪಲಾರೆ.

ಇನ್ನು ಹಾಡು ಯಾರದು ಎಂಬ ಪ್ರಶ್ನೆ. ಕನ್ನಡದ ಓದುಗರು ಇದನ್ನು ಕೇಳುವುದೇ ನನಗೆ ಸೋಜಿಗ. ಶಿಶುನಾಳ ಶರೀಫರ ಪದವನ್ನು ಸಿ. ಅಶ್ವತ್ಥ್ ಎತ್ತಿಕೊಂಡಾಗ ಅದು ಅಶ್ವತ್ಥ್ ಹಾಡೂ ಹೌದು ಎಂಬುದರಲ್ಲಿ ನಮಗೆ ಅನುಮಾನ ಬರಲಿಲ್ಲ. ಇಂಗ್ಲಿಷ್ ಪಾಪ್ ಎಂದ ಕೂಡಲೇ ‘ಬರೆದವನೇ ಕಲಾವಿದ, ಮಿಕ್ಕವರು ಕೂಲಿ’ ಎಂಬ ಲೆಕ್ಕ ಎಲ್ಲಿಂದ ಬಂತು? ‘ವಾಟ್ಸ್ ಲವ್ ಗಾಟ್ ಟು ಡು ವಿತ್ ಇಟ್’ ಬರೆದವರು ಟೆರ್‍ರಿ ಬ್ರಿಟನ್ ಮತ್ತು ಗ್ರಹಾಂ ಲೈಲ್. ಟೀನಾ ಕೈಗೆ ಬರುವ ಮುಂಚೆಯೇ ಅದನ್ನು ಬಕ್ಸ್ ಫಿಜ್ ಎಂಬ ಬ್ರಿಟಿಷ್ ತಂಡ ಧ್ವನಿಮುದ್ರಿಸಿತ್ತು. ಅದೇ ಪದ, ಹೆಚ್ಚುಕಮ್ಮಿ ಅದೇ ಧಾಟಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ನಾನು ಬೇರೆ ವಾದ ಮಾಡಬೇಕಾಗಿಲ್ಲ. 1985ರ ಗ್ರ್ಯಾಮಿ ಕೂಡ ಈ ಲೆಕ್ಕವನ್ನು ಬೇರೆಬೇರೆ ಮಾಡಿಯೇ ಕೊಟ್ಟಿತು: ವರ್ಷದ ಗೀತೆಯ ಪ್ರಶಸ್ತಿ ಬರೆದವರಿಗೆ, ಟೀನಾಗೆ ವರ್ಷದ ರೆಕಾರ್ಡಿನದು.

ತಮಾಷೆಯೆಂದರೆ ಟೀನಾಗೆ ಆ ಹಾಡು ಮೊದಲು ಇಷ್ಟವೇ ಇರಲಿಲ್ಲ. ತೀರಾ ಸಪ್ಪೆ ಅನ್ನಿಸಿತ್ತು. ಹಾಡು ಬರೆದ ಬ್ರಿಟನ್ ಅದನ್ನು ಅವರ ದನಿಗೆ ಒಗ್ಗುವಂತೆ ಬದಲಾಯಿಸಿದರು, ಗಂಟಲು ಹರಿಯುವಂತೆ ಕೂಗಬೇಡಿ ಎಂದರು. ಅಲ್ಲೇ ಇರುವುದು ವಿಷಯ. ಚರಣದಲ್ಲಿ ಅವರ ದನಿ ಕೆಳಗೇ ಇರುತ್ತದೆ, ಮಾತಿಗೂ ಹಾಡಿಗೂ ನಡುವೆ. ಸಾಲಿನ ಕೊನೆಯ ಅಕ್ಷರವನ್ನು ಎಳೆಯುವುದಿಲ್ಲ, ಕಡಿದುಬಿಡುತ್ತಾರೆ. ಪಲ್ಲವಿಗೆ ಬಂದಾಗ ದನಿ ಏರುತ್ತದೆ, ಒರಟಾಗುತ್ತದೆ, ಆದರೆ ನಾವು ಕಾದಿರುವ ಆ ಕೂಗು ಬರುವುದಿಲ್ಲ. ಪ್ರೀತಿಯ ತಂಟೆಯೇ ಬೇಡ ಎನ್ನುವ ಹೆಂಗಸು ಆಗಲೇ ಪ್ರೀತಿಗೆ ಬಿದ್ದಿದ್ದಾಳೆ ಎಂಬುದು ಪದದಲ್ಲಿ ಅರ್ಧ, ಆ ತಡೆಹಿಡಿದ ದನಿಯಲ್ಲಿ ಇನ್ನರ್ಧ. ನಡುವೆ ಹಾರ್ಮೋನಿಕಾದಂತೆ ಕೇಳುವುದು ಸಿಂಥಸೈಜರ್. ನೀವು ಅದನ್ನು ‘ಪ್ಲಾಸ್ಟಿಕ್’ ಎಂದಿದ್ದೀರಿ. ಇರಲಿ, ಪ್ಲಾಸ್ಟಿಕ್ಕೇ. ಆದರೆ ಅದು ಗಾಯಕಿಯ ಮೇಲೆ ಬೀಳುವುದಿಲ್ಲ.

ಐಕ್ ಜೊತೆಗಿನ ಹಾಡುಗಳಲ್ಲಿ ಹಾಗಿರಲಿಲ್ಲ. ಕಹಳೆಗಳ ಸಾಲು, ಡ್ರಮ್ಮು, ಐಕೆಟ್ಸ್ ಹುಡುಗಿಯರ ಕೋರಸ್ಸು, ಇಷ್ಟನ್ನೂ ಮೀರಿ ಕೇಳಿಸಬೇಕಾದರೆ ಕೂಗಲೇಬೇಕು. ಅವರು ಅದ್ಭುತವಾಗಿಯೇ ಕೂಗಿದರು. ‘ಪ್ರೌಡ್ ಮೇರಿ’ಯೂ ನಿಧಾನಕ್ಕೇ ಶುರುವಾಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಆದರೆ ಅಲ್ಲಿ ನಿಧಾನ ಇರುವುದು ಮುಂದಿನ ಓಟಕ್ಕಾಗಿ, ಅದು ಕೇಳುಗರಿಗೂ ಗೊತ್ತು. ‘ಪ್ರೈವೇಟ್ ಡ್ಯಾನ್ಸರ್’ನಲ್ಲಿ ನಿಧಾನ ನಿಧಾನವಾಗಿಯೇ ಉಳಿಯುತ್ತದೆ. ಏಳು ನಿಮಿಷ ದಾಟುವ ಆ ಶೀರ್ಷಿಕೆ ಗೀತೆಯನ್ನು ಮಾರ್ಕ್ ನಾಪ್ಫ್ಲರ್ ತಮ್ಮ ಡೈರ್ ಸ್ಟ್ರೇಟ್ಸ್ ತಂಡಕ್ಕೆಂದು ಬರೆದಿದ್ದರು. ಗಂಡಸಿನ ಬಾಯಲ್ಲಿ ಈ ಪದ ಸರಿಬಾರದು ಎಂದು ಪಕ್ಕಕ್ಕಿಟ್ಟರು. ಕೊನೆಗೆ ಅದೇ ತಂಡದವರು ಟೀನಾಗಾಗಿ ನುಡಿಸಿದರು, ನಾಪ್ಫ್ಲರ್ ಇರಲಿಲ್ಲ, ಗಿಟಾರ್ ಸೋಲೊ ಜೆಫ್ ಬೆಕ್ ಅವರದು. ಕಾಸಿಗಾಗಿ ಕುಣಿಯುವ ಹೆಂಗಸಿನ ಹಾಡು ಅದು. ಎದುರಿಗಿರುವ ಗಂಡಸರ ಮುಖವನ್ನೂ ನೋಡದವಳ ದಣಿವನ್ನು ಟೀನಾ ಅಳದೆ ಹಾಡಿದ್ದಾರೆ. ಇಪ್ಪತ್ತೈದರ ವಯಸ್ಸಿನಲ್ಲಿ ಅವರಿಂದಲೂ ಇದು ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಲಂಡನ್ನಿನವರು ಅವರನ್ನು ‘ತಯಾರಿಸಿದರು’ ಎಂಬ ಮಾತಿಗೂ ಒಂದು ಉತ್ತರವಿದೆ. ಹೆವನ್ 17 ತಂಡದ ಮಾರ್ಟಿನ್ ವೇರ್ ನಿರ್ಮಾಣದಲ್ಲಿ ಆಲ್ ಗ್ರೀನ್‌ರ ‘ಲೆಟ್ಸ್ ಸ್ಟೇ ಟುಗೆದರ್’ ಹಾಡನ್ನು ಅವರು ಒಂದೇ ಟೇಕ್‌ನಲ್ಲಿ ಮುಗಿಸಿದರಂತೆ. 1983ರ ಕೊನೆಗೆ ಅದು ಬ್ರಿಟನ್ನಿನಲ್ಲಿ ಗೆದ್ದ ಮೇಲೆಯೇ ಕ್ಯಾಪಿಟಲ್ ರೆಕಾರ್ಡ್ ಕಂಪನಿ ಎಚ್ಚೆತ್ತು, ಬೇಗ ಒಂದು ಆಲ್ಬಮ್ ಕೊಡಿ ಎಂದಿತು. ಹೀಗಾಗಿ ಕೆಲವೇ ವಾರಗಳಲ್ಲಿ, ಸಿಕ್ಕ ಹಾಡು, ಸಿಕ್ಕ ನಿರ್ಮಾಪಕರನ್ನು ಕೂಡಿಸಿ ಮುಗಿಸಿದ ಕೆಲಸ ಇದು. ಒಂದೊಂದು ಹಾಡಿಗೆ ಒಂದೊಂದು ಬಣ್ಣ ಬಂದದ್ದಕ್ಕೆ ಕಾರಣವೂ ಅದೇ. ಅಷ್ಟು ಜನರ ಕೈಯಲ್ಲಿ ಹಂಚಿಹೋದ ಆಲ್ಬಮ್ ಇವತ್ತಿಗೂ ಒಂದಾಗಿ ನಿಂತಿದೆಯೆಂದರೆ ಹಿಡಿದು ನಿಲ್ಲಿಸಿದ್ದು ಯಾವುದು? ಆ ಒಂದು ದನಿ ತಾನೆ?

ನಿಮ್ಮ ಒಂದು ಮಾತಿಗೆ ನನ್ನ ಪೂರ್ತಿ ಸಹಮತವಿದೆ. ಬ್ರಿಟಿಷ್ ಗಾಯಕ ಡೇವಿಡ್ ಬೋವಿಯ ‘1984’ ಹಾಡು ಈ ಆಲ್ಬಮ್ಮಿನಲ್ಲಿ ಬೇಕಿರಲಿಲ್ಲ. ವರ್ಷದ ಹೆಸರು ಹೊಂದಿತು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ. ಬೋವಿಯ ಋಣವಂತೂ ಇತ್ತು: ನ್ಯೂಯಾರ್ಕಿನ ರಿಟ್ಜ್ ಕ್ಲಬ್ಬಿಗೆ ‘ನನ್ನ ಮೆಚ್ಚಿನ ಗಾಯಕಿಯನ್ನು ನೋಡಲು ಹೋಗುತ್ತಿದ್ದೇನೆ’ ಎಂದು ಹೇಳಿ ಕಂಪನಿಯ ದೊಡ್ಡವರನ್ನೂ ಅಲ್ಲಿಗೆ ಎಳೆದವರು ಅವರೇ. ಇದೇ ಆಲ್ಬಮ್ಮಿನ ‘ಸ್ಟೀಲ್ ಕ್ಲಾ’ ಹಾಡಿನ ಗದ್ದಲವೂ ನನಗೆ ಬೇಗ ಸಾಕಾಗುತ್ತದೆ. ಬದಲಿಗೆ ಬ್ರಿಟನ್ ದೇಶದ ಆವೃತ್ತಿಯಲ್ಲಿದ್ದು ಅಮೆರಿಕದ್ದರಲ್ಲಿ ಬಿಟ್ಟುಹೋದ ಬೀಟಲ್ಸ್ ಹಾಡು ‘ಹೆಲ್ಪ್’ ಕೇಳಿ. ಓಡುವ ಹಾಡನ್ನು ಚರ್ಚಿನ ಪ್ರಾರ್ಥನೆಯಷ್ಟು ನಿಧಾನಕ್ಕೆ ಇಳಿಸಿದ್ದಾರೆ.

‘ವಾಟ್ಸ್ ಲವ್’ 1984ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿ ಮೂರು ವಾರ ಅಲ್ಲೇ ಇತ್ತು. ಟೀನಾಗೆ ಆಗ 44. ಪಾಪ್ ಲೋಕದಲ್ಲಿ ಆ ವಯಸ್ಸಿನ ಹೆಂಗಸಿಗೆ, ಅದರಲ್ಲೂ ರಾಕ್ ಹಾಡುತ್ತೇನೆಂದ ಕಪ್ಪು ಹೆಂಗಸಿಗೆ, ಯಾರೂ ಕುರ್ಚಿ ಹಾಕಿ ಕಾಯುತ್ತಿರಲಿಲ್ಲ. 1978, 79ರಲ್ಲಿ ಬಂದ ಅವರದೇ ಎರಡು ಆಲ್ಬಮ್‌ಗಳು ನೆಲಕಚ್ಚಿದ್ದವು. ದನಿ ಆಗಲೂ ಇದೇ ಇತ್ತಲ್ಲ, ಹಾಗಾದರೆ ನಿರ್ಮಾಪಕರೇ ಗೆದ್ದರೆಂದಾಯಿತು ಎಂದು ನೀವು ಪಟ್ಟು ಹಿಡಿಯಬಹುದು. ಹಾಡಿನ ಆಯ್ಕೆ, ಮ್ಯಾನೇಜರ್ ರೋಜರ್ ಡೇವಿಸ್ ಅವರ ಓಡಾಟ, ಒಳ್ಳೆಯ ಸ್ಟುಡಿಯೊ, ಇವೆಲ್ಲಕ್ಕೂ ಪಾಲಿದೆ, ಕೊಡೋಣ.

ಕೊನೆಯದಾಗಿ, ಟೀನಾಗೆ ಬರೆಯಲು ಬರುತ್ತಿರಲಿಲ್ಲ ಎಂಬ ನಿಮ್ಮ ಸಾಲನ್ನು ಹಾಗೇ ಬಿಡಲಾರೆ. ತಮ್ಮ ಊರಿನ ಮೇಲೆ 1973ರಲ್ಲಿ ಬಂದ ‘ನಟ್‌ಬುಷ್ ಸಿಟಿ ಲಿಮಿಟ್ಸ್’ ಅವರೇ ಬರೆದ ಹಾಡು, ಅದೂ ನಿಮಗೆ ಪ್ರಿಯವಾದ ಐಕ್ ಕಾಲದ್ದೇ. ಆ ಕಾಲದ ರೆಕಾರ್ಡುಗಳು ನಿಮ್ಮ ಹತ್ತಿರ ಬೇಕಾದಷ್ಟಿವೆ ಎಂದು ಬರೆದಿದ್ದೀರಿ. ಅವುಗಳ ಬಗ್ಗೆ ನಮ್ಮ ಪತ್ರಿಕೆ ಇದುವರೆಗೆ ಏನೂ ಪ್ರಕಟಿಸಿಲ್ಲ. ನೀವೇ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಬೈಗುಳ ಇದ್ದರೂ ಪರವಾಗಿಲ್ಲ, ಕತ್ತರಿ ಹಾಕುವುದಿಲ್ಲ.

— ಸಂ.