ಪಕ್ಕದ ಮನೆ ಎದ್ದರೆ ನಮ್ಮ ಬಿಸಿಲು ಯಾರದು?

ಪ್ರಶ್ನೆ: ಕಳೆದ ವರ್ಷ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. 78,000 ರೂಪಾಯಿ ಸಬ್ಸಿಡಿಯೂ ಬಂತು. ಈಗ ದಕ್ಷಿಣದ ಪಕ್ಕದವರು ಎರಡನೇ ಮಹಡಿ ಎಬ್ಬಿಸುತ್ತಿದ್ದಾರೆ. ನಮ್ಮ ಮನೆಗೆ 23 ವರ್ಷ. 20 ವರ್ಷ ದಾಟಿದರೆ ಬೆಳಕಿಗೆ ಹಕ್ಕು ಬರುತ್ತದೆ ಎಂದು ನಮ್ಮ ಭಾವ ಹೇಳುತ್ತಾರೆ. ನಿಜವೇ?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ನಿಮ್ಮ ಭಾವ ಹೇಳಿದ್ದು ಅರ್ಧ ಸರಿ, ಮೇಡಂ. 1882ರ ಈಸ್‌ಮೆಂಟ್ (ಪರರ ಜಾಗದ ಮೇಲಿನ ಅನುಭೋಗದ ಹಕ್ಕು) ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ 20 ವರ್ಷದ ಮಾತಿದೆ. ಆದರೆ ಅದು ಕಟ್ಟಡದೊಳಗೆ ಬರುವ ಗಾಳಿ, ಬೆಳಕಿನ ಮಾತು. ಪರಿಹಾರ ಹೇಳುವ 33ನೇ ಸೆಕ್ಷನ್ ಓದಿದರೂ ಕಣ್ಣ ಮುಂದೆ ಬರುವುದು ಕಿಟಕಿಯೇ. ಆ ಕಾಲದಲ್ಲಿ ಸೋಲಾರ್ ಪ್ಯಾನೆಲ್ ಯಾರು ಕಂಡಿದ್ದರು? ಮೇಲಾಗಿ ಮನೆಗೆ 23 ವರ್ಷ ಆದರೂ ಪ್ಯಾನೆಲ್‌ಗೆ ಒಂದೇ ವರ್ಷ.

7ನೇ ಸೆಕ್ಷನ್ ಪ್ರಕಾರ ನೇರ ಮೇಲಿನಿಂದ ಬೀಳುವ ಬೆಳಕು ಜಾಗದ ಮಾಲೀಕರದ್ದೇ. ಆದರೆ ಸೂರ್ಯ ನಮ್ಮ ನೆತ್ತಿ ಮೇಲೇ ನಿಲ್ಲುವುದಿಲ್ಲವಲ್ಲ! ಡಿಸೆಂಬರಿನಲ್ಲಿ ನಿಮ್ಮೂರಲ್ಲಿ ನಡು ಮಧ್ಯಾಹ್ನವೂ ಅವನು ದಕ್ಷಿಣಕ್ಕೆ ವಾಲಿ, ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. ನೆರಳು ಬೀಳುವುದು ಆಗಲೇ. ಮೇ, ಜೂನ್‌ನಲ್ಲಿ ಅಷ್ಟು ತೊಂದರೆ ಆಗದು.

ಪಕ್ಕದವರ ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಾಲಿಕೆಯಿಂದ ಕೇಳಿ. ಸುತ್ತ ಬಿಡಬೇಕಾದ ಜಾಗ ಬಿಡದೆ ಕಟ್ಟಿದ್ದರೆ ದೂರು ಕೊಡಲು ಅದೇ ದಾರಿ. ಎಲ್ಲ ನಕ್ಷೆಯಂತೆಯೇ ಇದ್ದರೆ ಸುಮ್ನೆ ಕೋರ್ಟಿಗೆ ಹೋಗಬೇಡಿ. ಅವರು ಒಪ್ಪಿದರೆ ಮಾತ್ರ, 'ಇಷ್ಟು ಎತ್ತರ ಮೀರಿ ಕಟ್ಟುವುದಿಲ್ಲ' ಎಂದು ಪತ್ರ ಬರೆಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಆಣೆ ಮಾಡಿ ಹೇಳಿದ ಬಾಯಿಮಾತು ನಾಳೆ ಮನೆ ಕೊಂಡವರನ್ನು ಕಟ್ಟಿಹಾಕದು.

ನನ್ನ ಕತೆ ಕೇಳಿ. ಪಕ್ಕದವರ ತೆಂಗಿನ ಮರದ ನೆರಳು ನಮ್ಮ ಸೋಲಾರ್ ವಾಟರ್ ಹೀಟರ್ ಮೇಲೆ ಬೀಳುತ್ತಿತ್ತು. 30 ವರ್ಷ ಸಿವಿಲ್ ವಕೀಲಿಕೆ ಮಾಡಿದವನು ನಾನು. ಕೊನೆಗೆ ಹೀಟರನ್ನೇ ಆರಡಿ ಸರಿಸಿದೆ. ನೀವೂ ಸ್ಟ್ಯಾಂಡ್ ಎತ್ತರಿಸಲು, ಇಲ್ಲವೇ ಪ್ರತಿ ಪ್ಯಾನೆಲ್‌ಗೂ ಬೇರೆಬೇರೆಯಾಗಿ ಕೆಲಸ ಮಾಡುವ ಪುಟ್ಟ ಮೈಕ್ರೋ ಇನ್ವರ್ಟರ್ ಹಾಕಿಸಲು ಆಗುತ್ತದಾ ಕೇಳಿ. ಒಂದೇ ಸಾಲಿನಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ.

ಪ್ರಶ್ನೆ: ಆರು ಎಕರೆ ಖುಷ್ಕಿ ಜಮೀನಿದೆ. ಸೋಲಾರ್ ಕಂಪನಿಯ ಏಜೆಂಟ್ 28 ವರ್ಷಕ್ಕೆ ಗುತ್ತಿಗೆ ಕೇಳುತ್ತಿದ್ದಾನೆ. ಎಕರೆಗೆ ವರ್ಷಕ್ಕೆ 25,000, ಏರಿಕೆ ಇಲ್ಲ. ಬಾಂಡ್ ಪೇಪರ್ ಮೇಲೆ ಸಹಿ ಸಾಕಂತೆ.
– ರೈತ, ಚಿತ್ರದುರ್ಗ ಜಿಲ್ಲೆ

ಉತ್ತರ: ಸಾಲದು, ಯಜಮಾನ್ರೇ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು.

ಬಾಡಿಗೆಯನ್ನು ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್‌ಗೆ ಹೋಲಿಸಿ ನೋಡಿ. ಅಲ್ಲಿ ತಿರುಮಣಿ ಸುತ್ತಲಿನ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಜಮೀನು ರೈತರದ್ದಾಗಿಯೇ ಉಳಿಯಿತು. ಶುರುವಿಗೆ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕಡಿಮೆ ಅನ್ನಿಸಿತು, ಅಲ್ವಾ? ಲೆಕ್ಕ ಹಾಕಿ. ಒಂಬತ್ತನೇ ವರ್ಷಕ್ಕೇ ಅದು ನಿಮ್ಮ 25,000 ದಾಟುತ್ತದೆ. 28ನೇ ವರ್ಷಕ್ಕೆ 39,000ಕ್ಕೂ ಜಾಸ್ತಿ.

ಗುತ್ತಿಗೆ ಮುಗಿದ ಮೇಲೆ ಪ್ಯಾನೆಲ್, ಕಾಂಕ್ರೀಟ್ ಬುಡ ಕಿತ್ತು ಒಯ್ಯುವವರು ಯಾರು ಎಂಬುದನ್ನು ಪತ್ರದಲ್ಲೇ ಬರೆಸಿ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ ಅಡ್ಡ ಬರುತ್ತದೆ. ಅದರಲ್ಲಿ ಗುತ್ತಿಗೆಯೂ ಪರಭಾರೆಯೇ. ಸರ್ಕಾರದ ಅನುಮತಿ ಮೊದಲೇ ಬೇಕು.

ನಾಳೆ ಗಾಳಿಯಂತ್ರದವರು ಬಂದರೂ ಪತ್ರ ಪೂರ್ತಿ ಓದಿ. ಬಯಲ ಮೇಲೆ ಬೀಸುವ ಗಾಳಿಗೆ 20 ವರ್ಷದ ಹಕ್ಕು ಹುಟ್ಟುವುದಿಲ್ಲ. ಹಾಗಾಗಿ ಎತ್ತರದ ಮರ, ಕಟ್ಟಡ ಬೇಡವೆಂಬ ಷರತ್ತು ಪತ್ರದಲ್ಲಿ ಸೇರಿರಬಹುದು. ಒಪ್ಪಿದರೆ ತೆಂಗು ಹಾಕುವ ಆಸೆ ಬಿಡಬೇಕಾದೀತು. ಅದಕ್ಕೂ ಬೆಲೆ ಕೇಳಿ.