ಮಾರ್ಟಿನಿ-ಹೆನ್ರಿ ನಿಜಕ್ಕೂ ಫಾಲಿಂಗ್ ಬ್ಲಾಕ್ ರೈಫಲ್ಲೇ?
ಮಾರ್ಟಿನಿ-ಹೆನ್ರಿಯನ್ನೂ ವಿಂಚೆಸ್ಟರ್ 1885 ಅನ್ನೂ ಒಂದೇ ಬಗೆಯ ರೈಫಲ್ಲುಗಳೆಂದು ಪರಿಗಣಿಸಬಹುದೇ ಎಂದು ತಾವು ಕೇಳಿದ್ದೀರಿ. ಎರಡರಲ್ಲೂ ಟ್ರಿಗರಿನ ಕೆಳಗಿರುವ ಲಿವರನ್ನು ಎಳೆದಾಗ ತೋಟಾ ತುಂಬುವ ಜಾಗ ತೆರೆದುಕೊಳ್ಳುವುದರಿಂದ ಈ ಗೊಂದಲ ಸಹಜವೇ. ಆದರೆ 1871ರಲ್ಲಿ ಬ್ರಿಟಿಷ್ ಸೇನೆ ಸ್ವೀಕರಿಸಿದ ಮಾರ್ಟಿನಿ-ಹೆನ್ರಿಯ ಬ್ಲಾಕ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡು) ಹಿಂತುದಿಯಲ್ಲಿ ಪಿನ್ನಿಗೆ ಸಿಕ್ಕಿಕೊಂಡಿದ್ದು, ಅದರ ಮುಂಭಾಗ ಮಾತ್ರ ಕೆಳಕ್ಕೆ ಬಾಗುತ್ತದೆ. ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದು, ಮುಂದೆ ವಿಂಚೆಸ್ಟರ್ ಕಂಪನಿಗೆ ಮಾರಿದ, ವಿಂಚೆಸ್ಟರ್ 1885 ಆಗಿ ಹೊರಬಂದ ವಿನ್ಯಾಸದಲ್ಲಾದರೋ ಇಡೀ ಉಕ್ಕಿನ ಬ್ಲಾಕ್ ರಿಸೀವರಿನೊಳಗಿನ (ರೈಫಲ್ಲಿನ ಲೋಹದ ಚೌಕಟ್ಟಿನೊಳಗಿನ) ತೋಡಿನಲ್ಲಿ ನೇರವಾಗಿ ಕೆಳಕ್ಕೆ ಜಾರುತ್ತದೆ; ಫಾಲಿಂಗ್ ಬ್ಲಾಕ್ ಎನ್ನುವುದು ಇದನ್ನೇ. ತೋಟಾ ಸಿಡಿಸಲು ಬಡಿಯುವ ಹ್ಯಾಮರ್ ಕೂಡ ಅದರ ಜೊತೆಗೇ ಇಳಿಯುತ್ತದೆ. ಗುಂಡು ಹಾರುವಾಗಿನ ಹಿಮ್ಮುಖ ಒತ್ತಡವನ್ನು ಬ್ಲಾಕಿನ ಬೆನ್ನಿಗಿರುವ ರಿಸೀವರಿನ ಗೋಡೆಗಳೇ ತಾಳಿಕೊಳ್ಳುವುದರಿಂದ, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಗಟ್ಟಿಯಾದ ರಚನೆ. ಅಂದಹಾಗೆ, ಜಾರುವ ಬ್ಲಾಕಿನ ಈ ಕಲ್ಪನೆ ಬ್ರೌನಿಂಗ್‌ರಿಗಿಂತ ಹಳೆಯದು. ಕ್ರಿಶ್ಚಿಯನ್ ಶಾರ್ಪ್ಸ್ 1848ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು.